ಕಾಟಾದ ಕಂಪ್ಯೂಟರಿಗೆ ಹೊಸ ಕರ್ನಲ್ ಹಾಕುವ ಮುನ್ನ

ಕಬ್ಬು ಹೇರಿದ ಟ್ರ್ಯಾಕ್ಟರ್ ಸಕ್ಕರೆ ಕಾರ್ಖಾನೆಯ ತೂಕದ ಕಾಟಾ ಹತ್ತಿದಾಗ ರೈತನ ಕಣ್ಣು ಗೋಡೆಯ ಮೇಲಿನ ಕೆಂಪು ಅಂಕಿಗಳ ಮೇಲಿರುತ್ತದೆ. ಬಿಲ್ಲು ಆಗುವುದು ಮಾತ್ರ ಒಳಗಿನ ಕಂಪ್ಯೂಟರ್ ಮುದ್ರಿಸಿದ ಚೀಟಿಯ ಪ್ರಕಾರ. ಕಾಟಾದ ಅಡಿಯಲ್ಲಿರುವ ಲೋಡ್‌ಸೆಲ್‌ಗಳಿಂದ ತೂಕ ಲೆಕ್ಕ ಹಾಕುವ ಪೆಟ್ಟಿಗೆಗೆ ಇಂಡಿಕೇಟರ್ ಎನ್ನುತ್ತಾರೆ. ಅದು ತನ್ನ ಸಂಖ್ಯೆಯನ್ನು ಕಂಪ್ಯೂಟರಿಗೆ ಕಳಿಸುವುದು ಇವತ್ತಿಗೂ ಹೆಚ್ಚಾಗಿ ಒಂದು ಸೀರಿಯಲ್ ಕೇಬಲ್ಲಿನ ಮೂಲಕವೇ. ಆ ಕೇಬಲ್ಲಿನಲ್ಲಿ ಬಂದ ಅಕ್ಷರಗಳನ್ನು ಒಂದೊಂದಾಗಿ ಎತ್ತಿ ಮೇಲಿನ ಪ್ರೋಗ್ರಾಮಿಗೆ ಕೊಡುವ ತಂತ್ರಾಂಶದ ತುಣುಕು ಸೀರಿಯಲ್ ಡ್ರೈವರ್. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತು ಮಾಡಿದ ಕಬ್ಬಿನ ನ್ಯಾಯಯುತ ಹಾಗೂ ಲಾಭದಾಯಕ ಬೆಲೆ (ಎಫ್‌ಆರ್‌ಪಿ) ಶೇ. 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಒಂದು ಟ್ರೇಲರಿನಲ್ಲಿ ಒಂದು ಕ್ವಿಂಟಲ್ ಆಚೀಚೆ ಆದರೆ ಅಷ್ಟು ದುಡ್ಡು ಯಾರದೋ ಕಿಸೆಯಿಂದ ಹೋಯಿತು.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಬದುಕು ಇಂಥ ಅಳತೆಗಳ ಮೇಲೆ ನಿಂತಿದೆ. ಹಾಲಿನ ಸಂಘಗಳಲ್ಲಿ ಫ್ಯಾಟ್ ಮಷಿನ್ನಿನಿಂದ ಕಂಪ್ಯೂಟರಿಗೆ ಅಂಕಿ ಹೋಗುವುದೂ ಬಹಳ ಕಡೆ ಇದೇ ದಾರಿಯಲ್ಲಿ. ಎಲ್ಲಕ್ಕಿಂತ ದೊಡ್ಡ ಅಳತೆ ನೀರಿನದು. ನಾರಾಯಣಪುರ ಎಡದಂಡೆ ಕಾಲುವೆಯ ವಿಸ್ತರಣೆ ಮತ್ತು ಆಧುನೀಕರಣ ಯೋಜನೆಯನ್ನು ಪ್ರಧಾನಿಯವರು 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಉದ್ಘಾಟಿಸಿದರು. ಸುಮಾರು 4,700 ಕೋಟಿ ರೂಪಾಯಿಯ ಕೆಲಸ ಅದು. 10,000 ಕ್ಯುಸೆಕ್ ನೀರು ಹರಿಯುವ ಈ ಕಾಲುವೆಯ ಅಚ್ಚುಕಟ್ಟು ನಾಲ್ಕೂವರೆ ಲಕ್ಷ ಹೆಕ್ಟೇರ್. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಹಳ್ಳಿಗಳ ಮೂರು ಲಕ್ಷಕ್ಕೂ ಹೆಚ್ಚು ರೈತರು ಇದರ ಫಲಾನುಭವಿಗಳೆಂದು ಆಗ ಸರ್ಕಾರ ಹೇಳಿತು. ಗೇಟುಗಳನ್ನು ದೂರದಿಂದಲೇ ಏರಿಸಿ ಇಳಿಸುವ, ನೀರಿನ ಮಟ್ಟವನ್ನು ಕ್ಷಣಕ್ಷಣಕ್ಕೆ ಓದುವ ಸ್ಕಾಡಾ ವ್ಯವಸ್ಥೆ ಈ ಆಧುನೀಕರಣದ ಮುಖ್ಯ ಅಂಗ. ಇಂಡಿ ಶಾಖಾ ಕಾಲುವೆಯ ಕೊನೆಯಂಚಿನ ರೈತನಿಗೆ ವಾರಾಬಂದಿಯಲ್ಲಿ ತನ್ನ ಪಾಳಿಯ ನೀರು ಬಂತೋ ಇಲ್ಲವೋ ಎಂಬ ತಕರಾರು ಬಂದರೆ, ಮುಂದೆ ಸಾಕ್ಷಿ ಹೇಳಬೇಕಾದ್ದು ಆ ಅಂಕಿಗಳೇ.

ನನ್ನ ವಾದ ಇಷ್ಟು. ಹೊಲದ ನೀರನ್ನೂ ಕಬ್ಬಿನ ತೂಕವನ್ನೂ ಅಳೆಯುವ ಯಂತ್ರಗಳ ಡ್ರೈವರ್‌ನ ಸೋರ್ಸ್ ಕೋಡ್ ಆ ಯಂತ್ರ ಕೊಂಡವರ ಕೈಯಲ್ಲಿರಬೇಕು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅದು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಮೂಲದೊಳಗೇ ಸೇರಿರಬೇಕು. ಹಾಗಿಲ್ಲದಿದ್ದರೆ ಪ್ರತಿ ಸಲ ಕರ್ನಲ್ ಬದಲಾದಾಗಲೂ ನಾವು ಯಾರದೋ ಬಾಗಿಲ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಇದು ಎಂಜಿನಿಯರುಗಳ ಒಳಗಿನ ಮಾತು ಎಂದು ಬಿಟ್ಟುಬಿಡುವ ವಿಷಯವಲ್ಲ ಎಂಬುದು ತಿಳಿಯಲು ಮೊದಲು ಈ ಡ್ರೈವರ್ ಮಾಡುವ ಕೆಲಸವನ್ನು ಹತ್ತಿರದಿಂದ ನೋಡಬೇಕು.

ಆರ್‌ಎಸ್-232 ಎಂಬ ಸೀರಿಯಲ್ ಮಾನಕ 1960ರದು. 1981ರ ಐಬಿಎಂ ಪಿಸಿಯಲ್ಲಿ ಈ ಕೆಲಸಕ್ಕೆ ಬಳಸಿದ ಚಿಪ್ಪಿನ ಹೆಸರು 8250. ಲಿನಕ್ಸ್‌ನ ಮುಖ್ಯ ಸೀರಿಯಲ್ ಡ್ರೈವರ್ ಇಂದಿಗೂ ಅದೇ ಹೆಸರಿನಲ್ಲಿದೆ. 9600 ಬಾಡ್ ವೇಗದಲ್ಲಿ ಸೆಕೆಂಡಿಗೆ 960 ಅಕ್ಷರ ಬರುತ್ತವೆ, ಅಂದರೆ ಸುಮಾರು ಒಂದು ಮಿಲಿಸೆಕೆಂಡಿಗೆ ಒಂದು. ಹಳೆಯ 8250 ತನ್ನೊಳಗೆ ಇಟ್ಟುಕೊಳ್ಳುತ್ತಿದ್ದುದು ಬಂದ ಒಂದೇ ಅಕ್ಷರ. ಮುಂದಿನದು ಬರುವುದರೊಳಗೆ ಪ್ರೊಸೆಸರ್ ಅದನ್ನು ಎತ್ತಿಕೊಳ್ಳದಿದ್ದರೆ ಅದು ಹೋದಂತೆಯೇ. ಆಮೇಲೆ ಬಂದ 16550ಎ ಚಿಪ್ಪು 16 ಅಕ್ಷರಗಳನ್ನು ಹಿಡಿದಿಡಬಲ್ಲದು, ಹಾಗಾಗಿ ಸುಮಾರು ಹದಿನಾರು ಮಿಲಿಸೆಕೆಂಡು ಬಿಡುವು ಸಿಕ್ಕಿತು. ಕಾಟಾದ ಇಂಡಿಕೇಟರ್ ಕಳಿಸುವ ಸಾಲು ಸರಳ: ಒಂದು ಆರಂಭದ ಗುರುತು, ಐದಾರು ಅಂಕಿ, ಕೆಲವೊಮ್ಮೆ ಕೆಜಿ ಎಂಬ ಅಕ್ಷರ, ಸಾಲು ಮುಗಿದ ಗುರುತು. ಹಲವು ಇಂಡಿಕೇಟರ್‌ಗಳ ಸಾಲಿನಲ್ಲಿ ತಪ್ಪು ಹಿಡಿಯುವ ಪರೀಕ್ಷಾ ಅಂಕಿಯೇ ಇರುವುದಿಲ್ಲ. 24650ರಲ್ಲಿ ನಡುವಿನ ಒಂದು ಅಂಕಿ ಬಿದ್ದರೆ ಉಳಿಯುವುದು ನಾಲ್ಕಂಕಿಯ ಒಂದು ಸಂಖ್ಯೆ. ಮೇಲಿನ ಪ್ರೋಗ್ರಾಮು ಉದ್ದ ನೋಡಿ ಅದನ್ನು ತಿರಸ್ಕರಿಸುವಂತೆ ಬರೆದವರು ಜಾಣರಾಗಿದ್ದರೆ ಸರಿ. ಆದರೆ ಅಕ್ಷರ ಬೀಳದಂತೆ ನೋಡಿಕೊಳ್ಳುವ ಮೊದಲ ಹೊಣೆ ಡ್ರೈವರಿನದು.

ಈಗ ಹೊಸ ಕರ್ನಲ್ ಯಾಕೆ ಬೇಕು ಎಂಬ ಪ್ರಶ್ನೆ. ಹತ್ತು ಹದಿನೈದು ವರ್ಷದಿಂದ ನಡೆಯುತ್ತಿರುವ ಕಂಪ್ಯೂಟರನ್ನು ಮುಟ್ಟುವುದೇಕೆ ಎನ್ನುವವರ ಮಾತಿನಲ್ಲಿ ತಿರುಳಿದೆ. ನೆಟ್‌ವರ್ಕಿಗೆ ಜೋಡಿಸದ, ಸರಿಯಾಗಿ ಓಡುತ್ತಿರುವ ಯಂತ್ರವನ್ನು ಹಂಗಾಮಿನ ನಡುವೆ ಕೆದಕುವುದನ್ನು ನಾನೂ ಒಪ್ಪುವುದಿಲ್ಲ. ಆದರೆ ಮದರ್‌ಬೋರ್ಡು ಸುಟ್ಟ ದಿನ ಆ ಮಾತು ನಿಲ್ಲುವುದಿಲ್ಲ. ಈಗ ಮಾರುಕಟ್ಟೆಯಲ್ಲಿ ಸಿಗುವ ಬೋರ್ಡಿನ ಡಿಸ್ಕು, ನೆಟ್‌ವರ್ಕ್ ಚಿಪ್ಪುಗಳನ್ನು ಹಳೆಯ 2.4 ಅಥವಾ 2.6 ಸರಣಿಯ ಕರ್ನಲ್ ಬಹಳ ಸಲ ಗುರುತಿಸುವುದೇ ಇಲ್ಲ. ಇನ್ನೊಂದು ಕಾರಣಕ್ಕೆ ದಿನಾಂಕವೇ ಗೊತ್ತಾಗಿದೆ. 32 ಬಿಟ್‌ನ ಹಳೆಯ ವ್ಯವಸ್ಥೆಗಳಲ್ಲಿ ಕಾಲವನ್ನು ಎಣಿಸುವ ಖಾನೆ 2038ರ ಜನವರಿ 19ಕ್ಕೆ ತುಂಬಿ ಲೆಕ್ಕ ತಪ್ಪುತ್ತದೆ. 32 ಬಿಟ್ ಯಂತ್ರಗಳಿಗೂ ಇದರ ಪರಿಹಾರ ಕರ್ನಲ್‌ನೊಳಗೆ ಪೂರ್ತಿಯಾಗಿ ಸಿಕ್ಕಿದ್ದು 2020ರ 5.6 ಆವೃತ್ತಿಯ ಹೊತ್ತಿಗೆ. ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ, ಈಗ ನಿಡಗುಂದಿ ತಾಲ್ಲೂಕಿನಲ್ಲಿರುವ ಆಲಮಟ್ಟಿಯಲ್ಲಿ ಕೃಷ್ಣೆಯ ಅಣೆಕಟ್ಟಿಗೆ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ಅಷ್ಟು ದೀರ್ಘ ಆಯುಷ್ಯದ ಕೃಷ್ಣಾ ಕಾಮಗಾರಿಗಳಿಗೆ 2038 ತೀರ ಹತ್ತಿರದ ವರ್ಷ.

ಹೊಸ ಕರ್ನಲ್ ಹಾಕಿದ ಮೇಲೆ, ಕಂಪನಿ ಬೇರೆಯಾಗಿ ಕೊಟ್ಟ ಹಳೆಯ ಡ್ರೈವರ್ ಸಾಮಾನ್ಯವಾಗಿ ಕಂಪೈಲ್ ಆಗುವುದಿಲ್ಲ, ಅಂದರೆ ಅದರ ಸೋರ್ಸ್ ಯಂತ್ರ ಓಡಿಸಬಲ್ಲ ರೂಪಕ್ಕೆ ಬರುವುದಿಲ್ಲ. ಆಗ ಬರುವ ಮೊದಲ ಸಿಟ್ಟು ಕರ್ನಲ್ ಬರೆಯುವವರ ಮೇಲೆ: ಇವರು ಸುಮ್ಮನೆ ಕೂರಬಾರದೇ, ನಡೆಯುತ್ತಿದ್ದುದನ್ನು ಯಾಕೆ ಕೆಡಿಸಿದರು ಎಂದು. ಆ ಸಿಟ್ಟು ತಪ್ಪು ಕಡೆಗೆ ತಿರುಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಲಿನಕ್ಸ್‌ನಲ್ಲಿ ಒಂದು ಗಟ್ಟಿ ಕಟ್ಟಳೆ ಇದೆ: ಕರ್ನಲ್‌ನ ಹೊರಗೆ ಓಡುವ ಪ್ರೋಗ್ರಾಮುಗಳು ಕೆಡಬಾರದು. ಸೀರಿಯಲ್ ಪೋರ್ಟನ್ನು ತೆರೆದು, ವೇಗ ಗೊತ್ತು ಮಾಡಿ, ಓದುವ ಇಪ್ಪತ್ತು ವರ್ಷ ಹಳೆಯ ಪ್ರೋಗ್ರಾಮು ಇವತ್ತಿನ ಕರ್ನಲ್ ಮೇಲೂ ಓಡುತ್ತದೆ. ಕರ್ನಲ್‌ನ ಒಳಗಿನ ಭಾಗಗಳು ಒಂದಕ್ಕೊಂದು ಮಾತಾಡುವ ರೀತಿಗೆ ಮಾತ್ರ ಅಂಥ ಭರವಸೆ ಇಲ್ಲ. ಕರ್ನಲ್‌ನ ನಿರ್ವಾಹಕರಲ್ಲೊಬ್ಬರಾದ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಇದನ್ನು ವಿವರಿಸಿ ಬರೆದ ಟಿಪ್ಪಣಿ ಕರ್ನಲ್‌ನ ದಾಖಲೆಗಳಲ್ಲೇ ಇದೆ. ಡ್ರೈವರ್ ಒಳಗಿನದು, ಆದ್ದರಿಂದ ಪೆಟ್ಟು ಬೀಳುವುದು ಅದಕ್ಕೆ.

ಆ ಬದಲಾವಣೆಗಳು ಯಾರದೋ ಹುಚ್ಚಾಟವಲ್ಲ. ಎರಡನ್ನು ಬಿಚ್ಚಿ ನೋಡೋಣ. ಹಳೆಯ ಸೀರಿಯಲ್ ಡ್ರೈವರ್‌ಗಳಲ್ಲಿ ಸೀರಿಯಲ್ ಪೋರ್ಟುಗಳಿರುವ ಕಾರ್ಡನ್ನು ಆಗಾಗ ವಿಚಾರಿಸಲು ಒಂದು ಟೈಮರ್ ಇರುತ್ತಿತ್ತು. 'ಇನಿಟ್ ಟೈಮರ್' ಎಂದು ಕರೆದು, ಟೈಮರ್‌ನ ರಚನೆಯಲ್ಲಿ ಎರಡು ಖಾನೆ ತುಂಬಬೇಕಿತ್ತು. ಸಮಯ ಆದಾಗ ಓಡಿಸಬೇಕಾದ ಫಂಕ್ಷನ್ನಿನ ವಿಳಾಸ ಒಂದು, ಅದಕ್ಕೆ ಕೊಡಬೇಕಾದ ಒಂದು ಸಂಖ್ಯೆ ಇನ್ನೊಂದು. ಎರಡೂ ಮೆಮೊರಿಯಲ್ಲಿ ಅಕ್ಕಪಕ್ಕ ಕೂತಿರುತ್ತಿದ್ದವು. ಬೇರೆ ಯಾವುದೋ ದೋಷದಿಂದ ಆ ಜಾಗಕ್ಕೆ ಬರೆಯಲು ದಾರಿ ಸಿಕ್ಕ ದುರುಳನೊಬ್ಬ ತನಗೆ ಬೇಕಾದ ಫಂಕ್ಷನ್ನನ್ನು ತನಗೆ ಬೇಕಾದ ಸಂಖ್ಯೆಯೊಂದಿಗೆ ಕರ್ನಲ್‌ನ ಅಧಿಕಾರದಲ್ಲೇ ಓಡಿಸಬಹುದಿತ್ತು. ಕರ್ನಲ್ ಬರೆಯುವವರಲ್ಲಿ ಒಬ್ಬರಾದ ಕೀಸ್ ಕುಕ್ ಅವರ ಮುಂದಾಳತ್ವದಲ್ಲಿ ಈ ಪದ್ಧತಿಯನ್ನೇ ಕಿತ್ತುಹಾಕಲಾಯಿತು. 2018ರ ಜನವರಿಯಲ್ಲಿ ಬಂದ 4.15ರಿಂದ 'ಟೈಮರ್ ಸೆಟಪ್' ಒಂದೇ ದಾರಿ. ಫಂಕ್ಷನ್ನಿಗೆ ಈಗ ಟೈಮರ್‌ನ ವಿಳಾಸ ಮಾತ್ರ ಸಿಗುತ್ತದೆ, ಅದು ಯಾವ ಕಾರ್ಡಿನೊಳಗಿದೆ ಎಂದು ಡ್ರೈವರ್ ತಾನೇ ಲೆಕ್ಕ ಹಾಕಿಕೊಳ್ಳಬೇಕು.

ಎರಡನೆಯದು ಸೀರಿಯಲ್ ಪೋರ್ಟಿನ ಹೊಟ್ಟೆಗೇ ಸೇರಿದ್ದು. ಬಂದ ಅಕ್ಷರಗಳನ್ನು ಡ್ರೈವರ್ ಒಂದು ಬಫರಿಗೆ ಹಾಕಿ 'ಟಿಟಿವೈ ಫ್ಲಿಪ್ ಬಫರ್ ಪುಶ್' ಎಂದು ಮೇಲಕ್ಕೆ ತಳ್ಳುತ್ತದೆ. ಮೊದಲು ಇದಕ್ಕೆ ಕೊಡಬೇಕಿದ್ದುದು ಟಿಟಿವೈ ಎಂಬ ರಚನೆಯನ್ನು. ಪ್ರೋಗ್ರಾಮು ಪೋರ್ಟನ್ನು ತೆರೆದಾಗ ಹುಟ್ಟಿ ಮುಚ್ಚಿದಾಗ ಹೋಗುವುದು ಅದರ ಗುಣ. ಅಕ್ಷರ ಬಂತೆಂದು ಚಿಪ್ಪು ಪ್ರೊಸೆಸರನ್ನು ತಡೆದು ಕರೆಯುವ ಇಂಟರಪ್ಟ್ ಪ್ರೋಗ್ರಾಮಿನ ಅನುಮತಿ ಕೇಳಿ ಬರುವುದಿಲ್ಲ. ಕಾಟಾದ ಪ್ರೋಗ್ರಾಮನ್ನು ಮುಚ್ಚುವ ಕ್ಷಣದಲ್ಲೇ ಇಂಡಿಕೇಟರಿನಿಂದ ಇನ್ನೊಂದು ಸಾಲು ಬಂದರೆ, ಡ್ರೈವರ್ ಇಲ್ಲದ ರಚನೆಯನ್ನು ಮುಟ್ಟಿ ಇಡೀ ಯಂತ್ರವೇ ನಿಂತುಹೋಗುವ ಅಪಾಯವಿತ್ತು. ಬೇಸಿಗೆಯಲ್ಲೊಮ್ಮೆ ಕಾರಣವಿಲ್ಲದೆ ಹ್ಯಾಂಗ್ ಆಗುತ್ತದೆ ಎಂದು ಜನ ಬೈಯುವ ಯಂತ್ರಗಳಲ್ಲಿ ಕೆಲವಕ್ಕಾದರೂ ಇಂಥ ಕಾರಣ ಇದ್ದಿರಬಹುದು. 2013ರ 3.9 ಆವೃತ್ತಿಯಿಂದ ಆ ಜಾಗಕ್ಕೆ ಟಿಟಿವೈ ಪೋರ್ಟ್ ಎಂಬ ಬೇರೆ ರಚನೆ ಬಂತು. ಹಾರ್ಡ್‌ವೇರ್ ಇರುವಷ್ಟು ಕಾಲ ಅದೂ ಇರುತ್ತದೆ. ಹಳೆಯ ಡ್ರೈವರನ್ನು ಇದಕ್ಕೆ ಹೊಂದಿಸುವುದೆಂದರೆ, ಬರೆದವರು ಅಂದು ಬಿಟ್ಟುಹೋದ ಒಂದು ಗುಂಡಿಯನ್ನು ಇಂದು ಮುಚ್ಚುವುದು.

ಇಲ್ಲಿಯೇ ಅವಸರದ ಕೆಲಸ ದುಬಾರಿಯಾಗುವುದು. ಕಂಪೈಲರ್ ತೋರಿಸಿದ ತಪ್ಪುಗಳ ಬಾಯಿ ಮುಚ್ಚಿಸಲು ಅಲ್ಲೊಂದು ಟೈಪ್ ಕಾಸ್ಟ್, ಇಲ್ಲೊಂದು ಖಾಲಿ ಫಂಕ್ಷನ್ ಹಾಕಿ, ಮಾಡ್ಯೂಲ್ ಲೋಡ್ ಆಯಿತು, ತೂಕ ಬಂತು, ಕೆಲಸ ಮುಗಿಯಿತು ಎನ್ನುವವರಿದ್ದಾರೆ. ಹಳೆಯ ಡ್ರೈವರ್ ಇಂಟರಪ್ಟನ್ನು ಪೂರ್ತಿ ನಿಲ್ಲಿಸಿ ಕೆಲಸ ಮಾಡುತ್ತಿದ್ದ ಒಂಟಿ ಪ್ರೊಸೆಸರ್ ಕಾಲದ್ದು. ಇಂದು ಅಗ್ಗದ ಕಂಪ್ಯೂಟರಿನಲ್ಲೂ ನಾಲ್ಕು ಕೋರ್ ಇರುತ್ತವೆ. ಆ ನಿಲ್ಲಿಸುವ ಸಾಲನ್ನು ತೆಗೆದು, ಅದರ ಜಾಗಕ್ಕೆ ಎರಡು ಕೋರ್ ಒಂದೇ ಮಾಹಿತಿಯನ್ನು ಒಟ್ಟಿಗೇ ಮುಟ್ಟದಂತೆ ತಡೆಯುವ ಲಾಕ್ ಹಾಕದಿದ್ದರೆ ತಿಂಗಳಿಗೊಮ್ಮೆ ಒಂದು ಅಕ್ಷರ ಬಿದ್ದೀತು, ಯಾರಿಗೂ ಕಾರಣ ಸಿಗದು. ಆದ್ದರಿಂದ ಪರೀಕ್ಷೆ ಕಟುವಾಗಿರಬೇಕು. ಒಂಬತ್ತು ಪಿನ್ನಿನ ಕನೆಕ್ಟರಿನಲ್ಲಿ ಎರಡನೆಯ ಮತ್ತು ಮೂರನೆಯ ಪಿನ್ನನ್ನು ತುಂಡು ತಂತಿಯಿಂದ ಜೋಡಿಸಿದರೆ ಕಳಿಸಿದ್ದೆಲ್ಲ ತಿರುಗಿ ಬರುತ್ತದೆ. ಲಕ್ಷಗಟ್ಟಲೆ ಸಾಲು ಕಳಿಸಿ, ಬಂದದ್ದನ್ನು ಅಕ್ಷರಕ್ಕೆ ಅಕ್ಷರ ಹೋಲಿಸಬೇಕು. ಅಕ್ಷರ ಹರಿಯುತ್ತಿರುವಾಗಲೇ ಪ್ರೋಗ್ರಾಮನ್ನು ಕೊಲ್ಲಬೇಕು, ಕೇಬಲ್ ಕೀಳಬೇಕು. ಕರ್ನಲ್ ತನ್ನ ಸೀರಿಯಲ್ ಪೋರ್ಟುಗಳಿಗೆ ಓವರ್‌ರನ್ ಮತ್ತು ಫ್ರೇಮಿಂಗ್ ದೋಷಗಳ ಎಣಿಕೆ ಇಟ್ಟಿರುತ್ತದೆ. ಓವರ್‌ರನ್ ಎಣಿಕೆ ಏರಿದರೆ ಯಂತ್ರ ಅಕ್ಷರಗಳನ್ನು ಹೊತ್ತಿಗೆ ಸರಿಯಾಗಿ ಎತ್ತಿಕೊಳ್ಳುತ್ತಿಲ್ಲವೆಂದೂ, ಫ್ರೇಮಿಂಗ್ ಏರಿದರೆ ವೇಗ ಅಥವಾ ತಂತಿಯಲ್ಲಿ ಐಬಿದೆ ಎಂದೂ ತಿಳಿಯಬೇಕು.

ಕಾಲುವೆಯ ದಂಡೆಯ ಮೇಲೆ ವಿಷಯ ಇನ್ನೂ ಸೂಕ್ಷ್ಮ. ಉದ್ದದ ತಂತಿಗೆ ಆರ್‌ಎಸ್-232 ಸಾಲದು, ಅಲ್ಲಿಗೆ ಬೇಕಾದ್ದು ಆರ್‌ಎಸ್-485. ಅದರ ಮೇಲೆ ಜಗತ್ತಿನಾದ್ಯಂತ ಇಂಥ ಮಾಪಕಗಳು ಆಡುವ ಭಾಷೆ ಸಾಮಾನ್ಯವಾಗಿ 1979ರ ಮಾಡ್‌ಬಸ್. ಎರಡೇ ಎಳೆಯ ತಂತಿಯಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು. ಕಂಪ್ಯೂಟರ್ ಪ್ರಶ್ನೆ ಕಳಿಸಿ ಮುಗಿದ ತಕ್ಷಣ ತಂತಿಯನ್ನು ಬಿಟ್ಟುಕೊಡಬೇಕು. ಮಾಡ್‌ಬಸ್ಸಿನ ನಿಯಮದಂತೆ ಎರಡು ಮಾತಿನ ನಡುವೆ ಇರಬೇಕಾದ ಮೌನ ಮೂರೂವರೆ ಅಕ್ಷರದಷ್ಟು, 9600 ಬಾಡ್‌ನಲ್ಲಿ ಸುಮಾರು 4 ಮಿಲಿಸೆಕೆಂಡು. ಆ ಮೌನದ ನಂತರ ಮಾಪಕ ಉತ್ತರ ಶುರು ಮಾಡಿದಾಗ ಕಂಪ್ಯೂಟರ್ ಇನ್ನೂ ತಂತಿ ಹಿಡಿದುಕೊಂಡಿದ್ದರೆ ಉತ್ತರದ ಮೊದಲ ಅಕ್ಷರ ಕೆಡುತ್ತದೆ, ಪರೀಕ್ಷಾ ಸಂಖ್ಯೆ ಹೊಂದುವುದಿಲ್ಲ, ಆ ಸಲದ ನೀರಿನ ಮಟ್ಟದ ಓದು ಕಸಕ್ಕೆ ಹೋಗುತ್ತದೆ. ಹಳೆಯ ಡ್ರೈವರ್‌ಗಳ ಮೇಲೆ ಈ ಕೆಲಸವನ್ನು ಪ್ರೋಗ್ರಾಮೇ ಅಂದಾಜಿನಲ್ಲಿ ಮಾಡುತ್ತಿತ್ತು. ಕಂಪ್ಯೂಟರಿಗೆ ಬೇರೆ ಕೆಲಸ ಹೆಚ್ಚಾದಾಗ ಅಂದಾಜು ತಪ್ಪುತ್ತಿತ್ತು. ಹೊಸ ಕರ್ನಲ್‌ಗಳಲ್ಲಿ ಆರ್‌ಎಸ್-485ಕ್ಕೆಂದೇ ಸಿದ್ಧ ವ್ಯವಸ್ಥೆ ಇದೆ. ತಂತಿ ಬಿಡುವುದನ್ನು ಕರ್ನಲ್ ತಾನೇ, ಕೊನೆಯ ಅಕ್ಷರ ಹೊರಟ ಮೇಲೆ ನೋಡಿಕೊಳ್ಳುತ್ತದೆ. ಹಾಗಾಗಿ ಆರ್‌ಎಸ್-485 ಡ್ರೈವರನ್ನು ಹೊಸ ಕರ್ನಲ್‌ಗೆ ಹೊಂದಿಸುವ ಕೆಲಸದಿಂದ ಅಳತೆಯೇ ಉತ್ತಮವಾಗುತ್ತದೆ.

ಇಷ್ಟೆಲ್ಲ ಯಾಕೆ, ಒಂದು ಯುಎಸ್‌ಬಿ ಪರಿವರ್ತಕ ಚುಚ್ಚಿದರೆ ಆಯಿತಲ್ಲ ಎಂಬುದು ಗಟ್ಟಿಯಾದ ಆಕ್ಷೇಪ. ಒಂದೇ ಕಾಟಾ, ಒಂದೇ ಪೋರ್ಟು ಇರುವಲ್ಲಿ ಅದು ಸರಿಯಾದ ಉತ್ತರವೇ. ಬರೆಯಬೇಕಿಲ್ಲದ ಡ್ರೈವರ್ ಬರೆಯಬಾರದು. ಎಷ್ಟೋ ಕಂಪನಿಗಳ 'ವಿಶೇಷ' ಕಾರ್ಡುಗಳು ಒಳಗೆ ಮಾಮೂಲಿ 16550 ಚಿಪ್ಪುಗಳೇ, ಕರ್ನಲ್‌ನ 8250 ಡ್ರೈವರಿನ ಪಟ್ಟಿಗೆ ಆ ಕಾರ್ಡಿನ ಗುರುತಿನ ಸಂಖ್ಯೆಯ ಒಂದು ನಮೂದು ಸೇರಿಸಿದರೆ ಸಾವಿರಾರು ಸಾಲಿನ ಹಳೆಯ ಡ್ರೈವರ್ ಬೇಕಾಗುವುದೇ ಇಲ್ಲ. ಮೊದಲು ಇದನ್ನೇ ನೋಡಬೇಕು. ಆದರೆ ಪರಿವರ್ತಕವನ್ನು ನಂಬಿ ಡ್ರೈವರ್ ಯಾರ ಕೈಯಲ್ಲಿದೆ ಎಂಬುದನ್ನು ಮರೆತರೆ ಏನಾಗುತ್ತದೆ ಎಂದು 2014ರ ಅಕ್ಟೋಬರ್ ತೋರಿಸಿತು. ಎಫ್‌ಟಿಡಿಐ ಕಂಪನಿಯ ಹೊಸ ವಿಂಡೋಸ್ ಡ್ರೈವರ್ ಅಪ್‌ಡೇಟಿನ ಜೊತೆ ಬಂದು, ತನ್ನ ಚಿಪ್ಪಿನ ನಕಲುಗಳನ್ನು ಹುಡುಕಿ ಅವುಗಳ ಗುರುತಿನ ಸಂಖ್ಯೆಯನ್ನು ಸೊನ್ನೆ ಮಾಡಿಬಿಟ್ಟಿತು. ನಕಲು ಚಿಪ್ಪು ಇದೆಯೆಂದೇ ತಿಳಿಯದೆ ಪರಿವರ್ತಕ ಕೊಂಡವರ ಉಪಕರಣಗಳು ಬೆಳಗಾಗುವಷ್ಟರಲ್ಲಿ ಸತ್ತಂತಾದವು. ನಕಲು ಮಾಡಿದವರ ತಪ್ಪಿಗೆ ದಂಡ ತೆತ್ತವರು ಕೊಂಡವರು. ಎಲ್ಲರೂ ಓದಬಹುದಾದ ಡ್ರೈವರಿನಲ್ಲಿ ಅಂಥ ಸಾಲು ಯಾರ ಕಣ್ಣಿಗೂ ಬೀಳದೆ ಒಳಗೆ ನುಸುಳುವುದು ಬಹಳ ಕಷ್ಟ.

ಕಾಟಾಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಪರಿಶೀಲನೆ ಇದೆ, ಮುದ್ರೆ ಇದೆ. ತೂಗುವ ಯಂತ್ರಕ್ಕೆ ಅದು ಬೇಕಾದದ್ದೇ. ಆದರೆ ಇಂಡಿಕೇಟರಿನಿಂದ ಹೊರಟ ಅಂಕಿ ಚೀಟಿಯ ಮೇಲೆ ಬೀಳುವ ತನಕ ನಡೆಯುವುದು ತಂತ್ರಾಂಶದೊಳಗೆ, ಸೀಸದ ಮುದ್ರೆ ಅಲ್ಲಿಗೆ ತಲುಪುವುದಿಲ್ಲ. ಸೋರ್ಸ್ ಕೋಡ್ ಕೊಡಿ ಎಂದು ಕೇಳುವ ಹಕ್ಕು ಇಲ್ಲಿ ರೈತನ ನಂಬಿಕೆಯ ಪ್ರಶ್ನೆಯಾಗುತ್ತದೆ. ಇಂಡಿ ತಾಲ್ಲೂಕಿನ ಮರಗೂರಿನ ಭೀಮಾಶಂಕರ ಕಾರ್ಖಾನೆಯಂಥ ಸಹಕಾರಿ ಸಂಸ್ಥೆಗಳಲ್ಲಿ ಕಬ್ಬು ತರುವ ರೈತರೇ ಷೇರುದಾರರು. ಹಾಲಿನ ಸಂಘಗಳಲ್ಲೂ ಹಾಗೆಯೇ. ತಾವು ಕೊಂಡ ಯಂತ್ರದ ಡ್ರೈವರ್ ತಮ್ಮ ಕೈಗೆ ಬರಬೇಕೆಂದು ವಾರ್ಷಿಕ ಸಭೆಯಲ್ಲಿ ಠರಾವು ಮಾಡಲು ಇವರಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಲಿನಕ್ಸ್ ಕರ್ನಲ್ ಜಿಪಿಎಲ್ ಎಂಬ ಪರವಾನಗಿಯ ಎರಡನೆಯ ಆವೃತ್ತಿಯ ಅಡಿ ಹಂಚಿಕೆಯಾಗುತ್ತದೆ, ಅದರಡಿ ಬಂದ ಡ್ರೈವರಿನ ಸೋರ್ಸ್ ಪಡೆಯುವುದು ಕೊಂಡವರ ಹಕ್ಕು. ಕೇಂದ್ರ ಸರ್ಕಾರ ಓಪನ್ ಸೋರ್ಸ್ ತಂತ್ರಾಂಶಕ್ಕೆ ಮೊದಲ ಆದ್ಯತೆ ಕೊಡುವ ನೀತಿಯನ್ನು 2015ರಲ್ಲೇ ಪ್ರಕಟಿಸಿದೆ. ಟೆಂಡರಿನ ಷರತ್ತುಗಳಲ್ಲಿ ಡ್ರೈವರ್ ಎಂಬ ಪದ ಸೇರಬೇಕಾದದ್ದು ಬಾಕಿ.

ಸೋರ್ಸ್ ಕೈಗೆ ಬಂದರೂ ಅದನ್ನು ಸಿ.ಡಿ.ಯಲ್ಲಿ ಹಾಕಿ ಕಪಾಟಿನಲ್ಲಿಟ್ಟರೆ ಹೂಳು ತೆಗೆಸದ ಕಾಲುವೆಯಂತೆ ಅದು ವರ್ಷದಿಂದ ವರ್ಷಕ್ಕೆ ಮುಚ್ಚಿಕೊಳ್ಳುತ್ತದೆ. ಕರ್ನಲ್‌ನ ಮೂಲದೊಳಗೆ ಸೇರಿದ ಡ್ರೈವರಿಗೆ ಸಿಗುವ ದೊಡ್ಡ ಲಾಭ ಬೇರೆ. ಒಳಗಿನ ರೀತಿ ಬದಲಿಸುವವರೇ ಆ ರೀತಿ ಬಳಸುವ ಎಲ್ಲ ಡ್ರೈವರ್‌ಗಳನ್ನೂ ತಿದ್ದಿಕೊಡಬೇಕು, ಅದು ಅಲ್ಲಿನ ರೂಢಿ. ಟೈಮರ್ ಬದಲಾದಾಗ ನೂರಾರು ಡ್ರೈವರ್‌ಗಳನ್ನು ಕಾಕ್ಸಿನೆಲ್ ಎಂಬ ಸಾಧನ ಬಳಸಿ ಒಟ್ಟಿಗೇ ತಿದ್ದಿದರು. ಹೊರಗೆ ಉಳಿದ ಡ್ರೈವರ್‌ಗಳ ಒಡೆಯರು ಒಬ್ಬೊಬ್ಬರೇ ಹೆಣಗಿದರು.

ಒಳಗೆ ಸೇರಿದ್ದೂ ಶಾಶ್ವತವಲ್ಲ, ಇದನ್ನು ಮುಚ್ಚಿಡಬಾರದು. 2021ರಲ್ಲಿ ಸೈಕ್ಲೇಡ್ಸ್, ಐಸಿಕಾಮ್ ಮುಂತಾದ ಹಳೆಯ ಬಹುಪೋರ್ಟ್ ಸೀರಿಯಲ್ ಕಾರ್ಡುಗಳ ಡ್ರೈವರ್‌ಗಳನ್ನು ಕರ್ನಲ್‌ನಿಂದ ಕಿತ್ತುಹಾಕಲಾಯಿತು. ನೋಡಿಕೊಳ್ಳುವವರಿಲ್ಲದ ಸಾವಿರಾರು ಸಾಲನ್ನು ನಿರ್ವಾಹಕರಾದ ಗ್ರೆಗ್ ಮತ್ತು ಜಿರಿ ಸ್ಲಾಬಿ ಎಷ್ಟು ಕಾಲ ಹೊರಬೇಕು? ಅವರ ನಿರ್ಧಾರ ಸರಿಯೇ. ಆದರೆ ಅಂಥ ಒಂದು ಕಾರ್ಡು ಸಿಂದಗಿಯ ಯಾವುದೋ ಕಾಟಾದಲ್ಲೋ ಮುದ್ದೇಬಿಹಾಳದ ಯಾವುದೋ ಪಂಪ್‌ಹೌಸಿನಲ್ಲೋ ಇನ್ನೂ ಓಡುತ್ತಿದ್ದರೆ ಅವರಿಗೆ ತಿಳಿಯುವ ದಾರಿ ಇರಲಿಲ್ಲ. ನಾವು ಬಳಸುತ್ತಿದ್ದೇವೆ, ಪರೀಕ್ಷಿಸಿ ಹೇಳುತ್ತೇವೆ ಎಂಬ ಒಂದು ಪತ್ರ ಬಂದಿದ್ದರೆ ಮಾತು ಬೇರೆಯಾಗಬಹುದಿತ್ತು. ಕರ್ನಲ್‌ನ ದೀರ್ಘಾವಧಿ ಬೆಂಬಲವನ್ನು ಆರು ವರ್ಷದಿಂದ ಎರಡಕ್ಕೆ ಇಳಿಸುವುದಾಗಿ 2023ರಲ್ಲಿ ಹೇಳಿದ ಮೇಲಂತೂ ಸುಮ್ಮನೆ ಕೂತವರಿಗೆ ಕಷ್ಟ ಹೆಚ್ಚಿತು. ಸೀಮೆನ್ಸ್, ತೋಶಿಬಾ, ಹಿಟಾಚಿಯಂಥ ಕಂಪನಿಗಳು ಇದನ್ನು ಮೊದಲೇ ಗ್ರಹಿಸಿ 2016ರಲ್ಲಿ ಲಿನಕ್ಸ್ ಫೌಂಡೇಶನ್ನಿನ ಅಡಿ ಸಿವಿಲ್ ಇನ್‌ಫ್ರಾಸ್ಟ್ರಕ್ಚರ್ ಪ್ಲಾಟ್‌ಫಾರ್ಮ್ ಕಟ್ಟಿದವು. ವಿದ್ಯುತ್, ರೈಲು, ನೀರಿನಂಥ ಕಾಮಗಾರಿಗಳಿಗೆ ಆಯ್ದ ಕರ್ನಲ್‌ಗಳನ್ನು ಹತ್ತು ವರ್ಷಕ್ಕೂ ಮೀರಿ ಕಾಯುವುದು ಅದರ ಕೆಲಸ. ಮುಂದಿನ ಕಾಲುವೆ ಟೆಂಡರಿನಲ್ಲಿ ಇಂಥ ಕರ್ನಲ್ಲೇ ಬೇಕು ಎಂದು ಬರೆಯುವುದಕ್ಕೆ ಕಾಸಿನ ಖರ್ಚಿಲ್ಲ.

ಕೆಲಸ ಮಾಡುವ ಕೈ ಎಲ್ಲಿಂದ ತರುವುದು ಎಂದು ಕೇಳುವವರಿಗೆ ಬೆಂಗಳೂರಿನ ಕಡೆ ನೋಡಬೇಡಿ ಎನ್ನುತ್ತೇನೆ. ವಿಜಯಪುರದಲ್ಲೇ ಬಿಎಲ್‌ಡಿಇ ಸಂಸ್ಥೆಯ ಹಳಕಟ್ಟಿ ಎಂಜಿನಿಯರಿಂಗ್ ಕಾಲೇಜಿದೆ, ಸಿಕ್ಯಾಬ್ ಕಾಲೇಜಿದೆ. ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಎಲ್ಲರೂ ಮಾಡುವ ಹಾಜರಾತಿ ಆ್ಯಪನ್ನೇ ಮತ್ತೆ ಕೊಡುವ ಬದಲು ಒಂದು ಹಳೆಯ ಬಹುಪೋರ್ಟ್ ಕಾರ್ಡು, ಒಂದು ಇಂಡಿಕೇಟರ್, ಅದರ ಹಳೆಯ ಡ್ರೈವರ್ ಕೊಡಲಿ. ಮೊದಲ ತಿಂಗಳು ಕಾರ್ಡಿನ ಚಿಪ್ಪು ಮಾಮೂಲಿ 16550 ಹೌದೋ ಅಲ್ಲವೋ ಎಂದು ಪತ್ತೆ ಮಾಡಲಿ. ಹೌದಾದರೆ ಅವರ ಮೊದಲ ಪ್ಯಾಚ್ (ತಿದ್ದುಪಡಿ) 8250ರ ಪಟ್ಟಿಗೆ ಸೇರುವ ಆ ಒಂದು ನಮೂದು, ಅದನ್ನು ತಮ್ಮ ಹೆಸರಿನಲ್ಲೇ ಕರ್ನಲ್ ನಿರ್ವಾಹಕರಿಗೆ ಕಳಿಸಲಿ. ಅಲ್ಲವಾದರೆ ಟೈಮರ್, ಟಿಟಿವೈ ಪೋರ್ಟ್, ಲಾಕ್‌ಗಳನ್ನು ಒಂದೊಂದೇ ಬೇರೆ ಬೇರೆ ಪ್ಯಾಚ್ ಮಾಡಿ, ಪ್ರತಿಯೊಂದಕ್ಕೂ ಪಿನ್ನು ಜೋಡಿಸಿ ಮಾಡಿದ ಪರೀಕ್ಷೆಯ ಫಲಿತಾಂಶ ಬರೆದು ಕಳಿಸಲಿ. ತಿದ್ದಿ ತನ್ನಿ ಎಂದು ನಿರ್ವಾಹಕರು ಎರಡು ಮೂರು ಸಲ ಹಿಂದಕ್ಕೆ ಕಳಿಸುವುದು ಅಲ್ಲಿ ಸಾಮಾನ್ಯ, ಅದಕ್ಕೂ ಸಿದ್ಧರಾಗಿರಲಿ. ಕಾರ್ಖಾನೆಗಳು ಹಂಗಾಮು ಮುಗಿದು ಬೇಸಿಗೆಯಲ್ಲಿ ಸುಮ್ಮನಿರುವ ಕಾಟಾ ಒಂದನ್ನು ಆ ಮಕ್ಕಳ ಪರೀಕ್ಷೆಗೆ ಬಿಟ್ಟುಕೊಡಲಿ. ನವೆಂಬರ್‌ನಲ್ಲಿ ಮೊದಲ ಟ್ರ್ಯಾಕ್ಟರ್ ಬರುವಷ್ಟರಲ್ಲಿ ಹೊಸ ಕರ್ನಲ್ ಹಾಕಿದ ಕಂಪ್ಯೂಟರ್ ಅಲ್ಲಿ ಓಡುತ್ತಿರಬೇಕು, ಹಳೆಯದೂ ಒಂದು ಹಂಗಾಮು ಪೂರ್ತಿ ಪಕ್ಕದಲ್ಲೇ ಇರಬೇಕು.